ಬಾಯಿ ಮುಚ್ಚಿಸಿದ ಗಿಳಿ

ನನ್ನ ತುಟಿಗಳು ಈ ಊರಿನ ಎಷ್ಟೋ ಮನೆಗಳ ಗೋಡೆಯ ಮೇಲಿವೆ. ಹೀಗೆಂದ ಕೂಡಲೇ ಜನ ನನ್ನ ನಡತೆಯ ಬಗ್ಗೆ ಏನೇನೋ ಊಹಿಸಿಕೊಳ್ಳುತ್ತಾರೆ. ಆದರೆ ಇದು ನನ್ನ ಪ್ರತಾಪವಲ್ಲ, ಅಕ್ಕನ ಕೈಚಳಕ.

ಅಕ್ಕ ಭಾವ ಸೇರಿ ನಡೆಸುವ ಸ್ಟುಡಿಯೋ ಔಷಧಿ ಅಂಗಡಿಗೂ ಚಪ್ಪಲಿ ರಿಪೇರಿ ಅಂಗಡಿಗೂ ನಡುವೆ ಸಿಕ್ಕಿಕೊಂಡಿದೆ. ಹೊರಗಿನ ಬೋರ್ಡಿನಲ್ಲಿ ಮದುವೆ, ಮಗು, ಹುಟ್ಟುಹಬ್ಬ ಎಂದೆಲ್ಲ ಬರೆಸಿದ್ದರೂ ಒಳಗೆ ಬರುವವರು ಮಾತ್ರ ಒಂದೇ ಕೆಲಸಕ್ಕೆ ಬರುತ್ತಿದ್ದರು. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಗೋಡೆಗೆ ಹಾಕಲು ಫ್ರೇಮಿನ ಫೋಟೊ ಬೇಕಲ್ಲ, ಅದಕ್ಕೆ. ವಿಚಿತ್ರವೆಂದರೆ ಸತ್ತವರ ಒಳ್ಳೆಯ ಫೋಟೊ ಯಾರ ಮನೆಯಲ್ಲೂ ಇರುವುದಿಲ್ಲ. ಇರುವುದೆಲ್ಲ ಯಾವುದೋ ಪಾರ್ಟಿಯಲ್ಲಿ ಮೊಬೈಲಿನಿಂದ ಕ್ಲಿಕ್ಕಿಸಿದ್ದು. ಕೈಯಲ್ಲಿ ಗ್ಲಾಸು, ಹೆಗಲ ಮೇಲೆ ಯಾರದೋ ಕೈ, ಬಾಯಿ ಕಿವಿಯವರೆಗೆ. ಅಕ್ಕ ಕಂಪ್ಯೂಟರಿನ ಮುಂದೆ ಕೂತು ಗ್ಲಾಸು ಕಸಿದುಕೊಂಡು, ಹೆಗಲ ಮೇಲಿನ ಕೈ ಕಡಿದು, ಮೈಗೊಂದು ಕೋಟು ತೊಡಿಸಿ, ಬೆನ್ನ ಹಿಂದೆ ಬೂದುನೀಲಿ ಬಳಿದು, ಕೊನೆಗೆ ಬಾಯಿ ಮುಚ್ಚಿಸುತ್ತಾಳೆ. ಫ್ರೇಮಿನೊಳಗಿರುವವರು ನಗಬಾರದು ಎಂಬುದು ನಮ್ಮ ಗಿರಾಕಿಗಳ ಕಟ್ಟಪ್ಪಣೆ. ಸತ್ತವರು ಅಷ್ಟು ಖುಷಿಯಾಗಿ ಕಂಡರೆ ಉಳಿದವರ ಮೇಲೆ ಅನುಮಾನ ಬರುತ್ತದೆ.

ಮುಚ್ಚಿದ ಬಾಯಿಯನ್ನು ಎಲ್ಲಿಂದ ತರುವುದು? ಹೆಂಗಸರಿಗೆ ಅಕ್ಕ ತನ್ನದನ್ನೇ ಕೊಟ್ಟಳು, ಗಂಡಸರಿಗೆ ನನ್ನದನ್ನು. ನಾನು ಬಾಯಿ ಮುಚ್ಚುವುದೇ ಅಪರೂಪ. ಒಮ್ಮೆ ಗಂಟಲು ಕೆಟ್ಟು ಮಾತು ನಿಂತಾಗ ಅವಳು ಆ ಸುಯೋಗ ಬಿಡದೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಎಡದಿಂದ, ಬಲದಿಂದ, ಕೆಳಗಿನಿಂದ ತೆಗೆದಿಟ್ಟುಕೊಂಡಳು. ಪದವಿ ಇದ್ದೂ ಯಾವ ಪದವಿಯಲ್ಲೂ ಇಲ್ಲದ ನನಗೆ ಅದೇ ಮೊದಲ ಉದ್ಯೋಗ. ಊರಿನ ಗೌರವಾನ್ವಿತ ದಿವಂಗತರೆಲ್ಲ ಅಂದಿನಿಂದ ನನ್ನ ಬಾಯಿಂದಲೇ ಮೌನವಾಗಿದ್ದಾರೆ.

ಈ ವ್ಯವಸ್ಥೆಯಲ್ಲಿ ಸಪ್ಪೆ ಮುಖ ಹಾಕಿಕೊಂಡಿದ್ದವರು ಭಾವ ಒಬ್ಬರೇ. ಅವರು ಛಾಯಾಗ್ರಾಹಕರು, ಆದರೆ ಅವರ ಕ್ಯಾಮೆರಾಕ್ಕೆ ಕೆಲಸವೇ ಇರಲಿಲ್ಲ. ಗಿರಾಕಿಗಳು ಫೋಟೊ ತಾವೇ ತರುತ್ತಿದ್ದರು, ಭಾವ ಅದನ್ನು ಪ್ರಿಂಟು ಹಾಕಿ ಗಾಜು ಒರೆಸುತ್ತಿದ್ದರು. ದಿನಾ ಬೆಳಗ್ಗೆ ಲೈಟು ಹಚ್ಚಿ, ಖಾಲಿ ಸ್ಟೂಲಿನ ಮೇಲೆ ಬೆಳಕು ಸರಿಯಾಗಿ ಬೀಳುತ್ತಿದೆಯೇ ನೋಡಿ, ಆರಿಸುತ್ತಿದ್ದರು. "ಒಂದ್ಸಲ ಜೀವ ಇರೋರು ಈ ಸ್ಟೂಲ್ ಮೇಲೆ ಕೂತ್ಕೋಬೇಕು ಕಣೋ," ಅನ್ನುತ್ತಿದ್ದರು. ಹಾಗಾಗದಿದ್ದರೆ ಕ್ಯಾಮೆರಾ ಮಾರಿ ಔಷಧಿ ಅಂಗಡಿಯ ಕೌಂಟರಿಗೆ ಸೇರುವುದೆಂದು ಆ ಅಂಗಡಿಯವರ ಹತ್ತಿರ ಮಾತೂ ಆಡಿಟ್ಟಿದ್ದರು. ಆದರೂ ದಿನಾ ಸ್ಟೂಲಿನ ಧೂಳು ಒರೆಸುವವಳು ಅಕ್ಕನೇ.

ಹೀಗಿರುವಾಗ ಎದುರು ಕಟ್ಟಡದ ಹಲ್ಲು ಡಾಕ್ಟರು ರಸ್ತೆ ದಾಟಿ ಬಂದರು. ಅವರ ಮಗಳ ಮದುವೆಗೆ ಗೊತ್ತುಮಾಡಿದ್ದ ಛಾಯಾಗ್ರಾಹಕ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಹತ್ತಿರದಲ್ಲಿ ನಾವೇ ಇದ್ದೆವು. ಡಾಕ್ಟರು ಯಾರ ಜೊತೆ ಮಾತಾಡುವಾಗಲೂ ಕಣ್ಣು ನೋಡುವುದಿಲ್ಲ, ಬಾಯಿ ನೋಡುತ್ತಾರೆ. ಭಾವನ ದವಡೆಯನ್ನು ಉದ್ದೇಶಿಸಿ ಅವರು ಹೇಳಿದ್ದಿಷ್ಟು: ಗಂಡಿನ ಕಡೆಯವರು ಮುಂದಿನ ಭಾನುವಾರ ಔತಣ ಇಟ್ಟಿದ್ದಾರೆ, ಅಷ್ಟರೊಳಗೆ ಆಲ್ಬಮ್ ಕೈಗೆ ಬರಬೇಕು, ಬಂದರೆ ಕ್ಲಿನಿಕ್ಕಿನಲ್ಲಿ ಜನ ಕಾಯುವ ಕೋಣೆಯ ದೊಡ್ಡ ಗೋಡೆಗೆ ಅದರಲ್ಲಿನ ಒಂದು ಫೋಟೊ, ಕೆಳಗೆ ಸ್ಟುಡಿಯೋದ ಹೆಸರು. ಆ ಕೋಣೆಯಲ್ಲಿ ಊರಿನ ಅರ್ಧ ಜನ ಕೆನ್ನೆ ಹಿಡಿದುಕೊಂಡು ಕೂತಿರುತ್ತಾರೆ. ಎಲ್ಲರೂ ಜೀವ ಇರುವವರೇ. ಭಾವನ ಕಣ್ಣಲ್ಲಿ ಫ್ಲ್ಯಾಶ್ ಹೊಡೆಯಿತು.

ಮದುವೆಯಲ್ಲಿ ಭಾವ ನೆಲದ ಮೇಲೆ ನಿಂತೇ ಇರಲಿಲ್ಲ. "ನಗಿ, ಇನ್ನೂ ನಗಿ" ಎಂದು ಎಷ್ಟು ಆಸೆಯಿಂದ ಕೇಳಿಕೊಂಡರೆಂದರೆ, ಜನ ಕರುಣೆಯಿಂದಲೇ ನಕ್ಕರು. ಮಾರನೆಯ ದಿನ ಕಂಪ್ಯೂಟರಿಗೆ ಇಳಿಸಿದ ಫೋಟೊಗಳ ರಾಶಿ ನೋಡಿ ಅಕ್ಕ ಸೊಂಟ ಹಿಡಿದುಕೊಂಡಳು. ಒಂದು ಮುಖಕ್ಕೆ ಅರ್ಧ ದಿನ ಕೂರುವವಳು ಅವಳು. ಆ ವೇಗದಲ್ಲಿ ಹೋದರೆ ಆಲ್ಬಮ್ ಮುಗಿಯುವ ಹೊತ್ತಿಗೆ ಆ ಜೋಡಿಯ ಮೊಮ್ಮಗಳಿಗೆ ಗಂಡು ಹುಡುಕುವ ಕಾಲ ಬಂದಿರುತ್ತಿತ್ತು. ಬೇಗ ಕೆಲಸ ಮಾಡುವ ಸಾಫ್ಟ್‌ವೇರ್ ಬೇಕೆಂದು ಭಾವ ತೀರ್ಮಾನಿಸಿದರು, ಹುಡುಕುವ ಕೆಲಸ ನನ್ನ ತಲೆಗೆ ಬಂತು.

ಮೂರು ಸಿಕ್ಕವು. ಮೊದಲನೆಯದಕ್ಕೆ ನಾನು ದೊಡ್ಡಪ್ಪ ಎಂದು ಹೆಸರಿಟ್ಟೆ. ಅದಕ್ಕೆ ಬಾರದ ವಿದ್ಯೆಯಿಲ್ಲ, ಆದರೆ ಒಂದು ಕೆಲಸ ಹೇಳಿದರೆ ಹತ್ತು ಪ್ರಶ್ನೆ. ಮನೆಯ ಹಿರಿಯರ ಗಂಟಲಿನಲ್ಲಿ, "ನೆರಳು ಮೃದುವಾಗಿರ್ಬೇಕೋ, ಗಡುಸಾಗಿರ್ಬೇಕೋ? ಯೋಚನೆ ಮಾಡ್ ಹೇಳಪ್ಪಾ, ಆತುರ ಏನಿಲ್ಲ," ಎಂದು ನಾನು ಅದರ ದನಿ ಮಾಡಿ ತೋರಿಸಿದೆ. ಎರಡನೆಯದು ಪುಕ್ಕಟೆ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಅನ್ನುತ್ತಾರೆ, ಆದರೆ ಹಲ್ಲು ಡಾಕ್ಟರ ಕೆಲಸವೆಂದ ಮೇಲೆ ಎಣಿಸಲೇಬೇಕಾಯಿತು. ಅದು ಪ್ರತಿ ಫೋಟೊಗೊಮ್ಮೆ ಮುಗ್ಗರಿಸಿ ಬಿದ್ದು, ಮತ್ತೆ ಎದ್ದು, "ಎಲ್ಲಿದ್ವಿ?" ಅನ್ನುತ್ತಿತ್ತು.

ಮೂರನೆಯದೇ ಗಿಳಿ. ಅದಕ್ಕೆ ಏನೂ ಹೇಳಿಕೊಡಬೇಕಾಗಿಲ್ಲ. ನೀವು ಹಿಂದೆ ಮಾಡಿದ ಕೆಲಸ ತೋರಿಸಿದರೆ ಸಾಕು, ತಿದ್ದುವ ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂದು ನೋಡಿ ನಿಮ್ಮ ಕೈಯನ್ನೇ ಕಲಿತು, ಹೊಸ ಫೋಟೊಗಳನ್ನೆಲ್ಲ ಒಂದೇ ಏಟಿಗೆ ಹಾಗೇ ತಿದ್ದಿಬಿಡುತ್ತದೆ. ಭಾವನಿಗೆ ಇದೇ ಬೇಕಾಗಿತ್ತು. ನಿಮ್ಮ ಅತ್ಯುತ್ತಮ ಕೆಲಸ ಕೊಡಿ ಎಂದು ಪರದೆ ಕೇಳಿತು. ಅಕ್ಕ ಒಳಕೋಣೆಯಲ್ಲಿ ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟು ಮಲಗಿದ್ದಳು. "ನಿಮ್ಮಕ್ಕನ ಕೆಲಸಕ್ಕಿಂತ ಉತ್ತಮ ಇನ್ನೇನಿದೆಯೋ," ಎಂದು ಹೆಮ್ಮೆಯಿಂದ ಭಾವ ಅವಳ ಅಷ್ಟೂ ವರ್ಷದ ಸಂಗ್ರಹವನ್ನು ಗಿಳಿಯ ಬಾಯಿಗೆ ಸುರಿದರು.

ಗಿಳಿ ಕಲಿಯಿತು. ನಾವು ಕಾಫಿ ಕುಡಿದು ಲೋಟ ತೊಳೆದಿಡುವಷ್ಟರಲ್ಲಿ ಇಡೀ ಮದುವೆಯನ್ನು ತಿದ್ದಿ ಮುಗಿಸಿತು. ಆ ವೇಗ ನೋಡಿ ಭಾವನಿಗೆ ತಲೆ ತಿರುಗಿ, ಒಂದನ್ನೂ ತೆರೆದು ನೋಡದೆ ಅಷ್ಟನ್ನೂ ಡಾಕ್ಟರ ಮೊಬೈಲಿಗೆ ಕಳಿಸಿಬಿಟ್ಟರು. ಆಮೇಲೆ ಅಕ್ಕನನ್ನು ಎಬ್ಬಿಸಿಕೊಂಡು ಬಂದು ಕುರ್ಚಿಯಲ್ಲಿ ಕೂರಿಸಿ, "ನೋಡೇ, ನಿನ್ನ ಸೊಂಟಕ್ಕೆ ಇನ್ಮೇಲೆ ರಜ," ಅಂದರು.

ಅಕ್ಕ ನೋಡಿದಳು. ಮದುಮಗಳು ಮದುಮಗನಿಗೆ ಸಿಹಿ ತಿನ್ನಿಸುತ್ತಿದ್ದಳು. ಅವನ ಬಾಯಿ ಭದ್ರವಾಗಿ ಮುಚ್ಚಿತ್ತು, ಸಿಹಿ ತುಟಿಗೆ ಅಂಟಿಕೊಂಡು ಒಳಗೆ ಹೋಗಲು ಅಪ್ಪಣೆ ಕಾಯುತ್ತಿತ್ತು. ಮೈಕು ಹಿಡಿದ ಹಾಡುಗಾರ್ತಿ ತುಟಿ ಬಿಗಿದು ನಿಂತಿದ್ದಳು. ಗೆಳೆಯರೆಲ್ಲ ಕೈ ಮೇಲೆತ್ತಿ ಕುಣಿಯುತ್ತಿದ್ದರು. ಮುಖಗಳು ಮಾತ್ರ ಆಸ್ಪತ್ರೆಯ ಕಾರಿಡಾರಿನವು. ಗಿಳಿ ಅವರೆಲ್ಲರಿಗೂ ಕೋಟು ತೊಡಿಸಿತ್ತು, ಹಿಂದಿನ ದೀಪಾಲಂಕಾರಕ್ಕೆ ಬೂದುನೀಲಿ ಬಳಿದಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ನಮ್ಮ ಸ್ಟುಡಿಯೋದ ಗುಣ ಮದುವೆಮನೆಗೂ ಹೋಗಿ ಕೂತಿತ್ತು. ಎಲ್ಲಕ್ಕಿಂತ ಘೋರವೆಂದರೆ, ಮದುಮಗ, ಅವನ ಅಪ್ಪ, ಅಡುಗೆಯವನು, ತೊಡೆಯ ಮೇಲಿನ ಕೂಸು, ಎಲ್ಲರಿಗೂ ಇದ್ದದ್ದು ನನ್ನ ಬಾಯಿ.

"ರೀ," ಅಂದಳು ಅಕ್ಕ, ಬಹಳ ಮೆತ್ತಗೆ. "ಇಷ್ಟೂ ಜನನ್ನ ಒಂದೇ ದಿನ ಸಾಯಿಸಿದ್ದೀರಲ್ಲ."

ಅಷ್ಟರಲ್ಲೇ ರಸ್ತೆಯಾಚೆ ಕ್ಲಿನಿಕ್ಕಿನ ಬಾಗಿಲು ಬಡಿದುಕೊಂಡಿತು. ಡಾಕ್ಟರು ಕೈಗವಸು ಕಳಚದೆ ಬಂದರು, ಹಿಂದೆಯೇ ಅವರ ತಾಯಿ. ಆಕೆ ಎಂಬತ್ತರ ಆಸುಪಾಸಿನ ಗಟ್ಟಿ ಮುದುಕಿ. ಮದುವೆಯಲ್ಲಿ ಎಲ್ಲರಿಗಿಂತ ಬಿಳಿಯ ಹಲ್ಲು ಇದ್ದದ್ದು ಆಕೆಗೇ, ಯಾಕೆಂದರೆ ಅದು ಮಗ ತನ್ನ ಕೈಯಾರೆ ಕಟ್ಟಿಕೊಟ್ಟ ಹಲ್ಲಿನ ಸೆಟ್ಟು.

ಡಾಕ್ಟರು ಮೊದಲ ಸಲ ಭಾವನ ಕಣ್ಣು ನೋಡಿದರು. ಮಗಳ ಹಲ್ಲಿಗೆ ವರ್ಷಗಟ್ಟಲೆ ತಂತಿ ಕಟ್ಟಿ, ಬೈದು, ಬಿಗಿದು, ಸಾಲು ಕೂರಿಸಿದ್ದು ಈ ಒಂದು ದಿನಕ್ಕಾಗಿ ಎಂದರು. ಆ ದಿನದ ಫೋಟೊಗಳಲ್ಲಿ ಹುಡುಕಿದರೂ ಒಂದು ಹಲ್ಲಿಲ್ಲ ಎಂದರು. ಕೊನೆಗೆ ದನಿ ತಗ್ಗಿಸಿ, "ನನ್ನ ಗೋಡೆ ಬಿಡಿ. ನಾನು ನಿಮ್ಮನ್ನ ಕರೆದೇ ಇಲ್ಲ ಅಂದ್ಕೋತೀನಿ," ಅಂದರು.

ಭಾವ ಸ್ಟೂಲಿನ ಮೇಲೆ ಕೂತುಬಿಟ್ಟರು. ಜೀವ ಇರುವವರು ಕೂರಬೇಕೆಂದು ಕಾದಿಟ್ಟ ಸ್ಟೂಲು. ಆ ಹೊತ್ತಿನಲ್ಲಿ ಅವರು ಆ ಅರ್ಹತೆ ಕಳೆದುಕೊಂಡ ಹಾಗೆ ಕಾಣುತ್ತಿದ್ದರು. ಅಸಲು ಫೋಟೊಗಳು ಹಾಗೇ ಇವೆ, ಯಾವುದೂ ಹಾಳಾಗಿಲ್ಲ ಎಂದು ಅಕ್ಕ ಡಾಕ್ಟರಿಗೆ ತಿಳಿಹೇಳುತ್ತಿದ್ದಳು. ಡಾಕ್ಟರು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಅಷ್ಟರಲ್ಲಿ ಅವರ ತಾಯಿ ಯಾರ ಅಪ್ಪಣೆಯನ್ನೂ ಕೇಳದೆ ಕಂಪ್ಯೂಟರಿನ ಹತ್ತಿರ ಹೋಗಿ, ಕನ್ನಡಕ ಹಣೆಗೇರಿಸಿ, ತಮ್ಮದೇ ಫೋಟೊದ ಮುಂದೆ ನಿಂತಿದ್ದರು. ಕೋಟು ತೊಟ್ಟು ತುಟಿ ಮುಚ್ಚಿದ, ಗಂಭೀರವಾದ ಮುದುಕಿ.

"ಇದು ಚೆನ್ನಾಗಿದೆ," ಅಂದರು.

"ಅಮ್ಮ, ನೀನು ಸುಮ್ನಿರು," ಅಂದರು ಡಾಕ್ಟರು.

"ಸುಮ್ನೇ ಇದೀನಲ್ಲೋ ಇದ್ರಲ್ಲಿ. ಅದಕ್ಕೇ ಚೆನ್ನಾಗಿರೋದು." ಆಕೆ ಅಕ್ಕನ ಕಡೆ ತಿರುಗಿದರು. "ಈ ಹಲ್ಲು ಹಾಕಿದಾಗಿಂದ ಇವನು ಕಂಡಕಂಡವರ ಮುಂದೆ ನನ್ನ ಬಾಯಿ ಬಿಡಿಸ್ತಾನೆ ಮಗಳೇ. ಬಂದವರಿಗೆಲ್ಲ ಅಂಗಡಿ ತೆರೆದು ತೋರ್ಸಿದ ಹಾಗೆ. ನಾನು ಹೋದ್ಮೇಲೂ ಗೋಡೆ ಮೇಲಿಂದ ಇವನ ವ್ಯಾಪಾರಕ್ಕೆ ಹಲ್ಲು ಕಿರೀತಾ ಕೂರ್ಬೇಕಾ? ಇದನ್ನೇ ದೊಡ್ಡದು ಮಾಡ್ಕೊಡು."

ಅಕ್ಕ ಹೂಂ ಅಂದಿದ್ದರೆ ಗಲಾಟೆ ಅಲ್ಲಿಗೆ ತಣ್ಣಗಾಗುತ್ತಿತ್ತೇನೋ.

"ಅಜ್ಜಿ, ಆ ತುಟಿ ನಿಮ್ದಲ್ಲ," ಅಂದಳು. "ನಂದು."

ಅಜ್ಜಿ ಫೋಟೊ ನೋಡಿದರು, ಅಕ್ಕನ ಬಾಯಿ ನೋಡಿದರು, ಮತ್ತೆ ಫೋಟೊ ನೋಡಿದರು. ಹಲ್ಲು ಡಾಕ್ಟರಿಗೆ ಆ ದೃಷ್ಟಿ ಎಲ್ಲಿಂದ ಬಂತೆಂದು ಆಗ ನನಗೆ ತಿಳಿಯಿತು.

"ಹಾಗಾದ್ರೆ ನಂದೇ ತೆಗೀರಿ. ಇನ್ನೊಬ್ಬರ ತುಟಿ ಹಾಕ್ಕೊಂಡು ಗೋಡೆ ಹತ್ತಲ್ಲ ನಾನು." ಹಾಗಂದವರೇ ಸ್ಟೂಲಿನ ಮೇಲಿದ್ದ ಭಾವನ ಬೆನ್ನಿಗೆ ತಟ್ಟಿ ಎಬ್ಬಿಸಿದರು. ತಾವು ಕೂತರು. ಕೂತು, ಬಾಯಿಗೆ ಕೈ ಹಾಕಿ ಮೇಲಿನ ಸಾಲು ತೆಗೆದರು, ಕೆಳಗಿನ ಸಾಲು ತೆಗೆದರು, ಎರಡನ್ನೂ ಕರವಸ್ತ್ರದಲ್ಲಿ ಸುತ್ತಿ ಮಗನ ಕೈಗವಸಿನ ಅಂಗೈಯಲ್ಲಿಟ್ಟರು.

"ಹಿಡ್ಕೋ. ಬೀಳಿಸ್ಬೇಡ, ದುಬಾರಿ ಮಾಲು."

ಊರಿನ ಬಾಯನ್ನೆಲ್ಲ ತೆರೆಸಿದ ಮನುಷ್ಯ ತನ್ನ ಬಾಯಿ ತೆರೆದುಕೊಂಡೇ ನಿಂತರು. ಆಕೆಯ ಕೆನ್ನೆಗಳು ಒಳಗಿಳಿದವು, ತುಟಿಗಳು ತಮ್ಮ ಹಳೆಯ ಜಾಗ ಹುಡುಕಿಕೊಂಡು ಹೋಗಿ ಕೂತವು. ಗದ್ದ ಸ್ವಲ್ಪ ಮೇಲೆ ಬಂತು. ಕಣ್ಣು ಮಾತ್ರ ಇಡೀ ಕೋಣೆಯನ್ನು ಗೇಲಿ ಮಾಡುತ್ತಿತ್ತು. ಭಾವ ಲೈಟು ಹಚ್ಚಿದರು. ದಿನಾ ಖಾಲಿ ಸ್ಟೂಲಿಗೆ ಹೊಂದಿಸುತ್ತಿದ್ದ ಬೆಳಕು ತಾನಾಗಿ ಬಂದು ಆ ಮುಖದ ಮೇಲೆ ಬಿತ್ತು. ಅಭ್ಯಾಸಬಲದಿಂದ "ನಗಿ" ಅನ್ನಲು ಹೊರಟವರು ಅಲ್ಲೇ ನಿಲ್ಲಿಸಿಕೊಂಡು ಕ್ಲಿಕ್ಕಿಸಿದರು. ಒಂದೇ ಒಂದು.

ಆ ಫೋಟೊವನ್ನು ತಿದ್ದಲು ಅಕ್ಕ ಹೋಗಲಿಲ್ಲ. ಡಾಕ್ಟರು ಕರವಸ್ತ್ರದ ಗಂಟು ಹಿಡಿದುಕೊಂಡೇ ಬಗ್ಗಿ ಅದನ್ನು ಬಹಳ ಹೊತ್ತು ನೋಡಿದರು. "ಅಮ್ಮ ಹೀಗಿದ್ಲು ಅನ್ನೋದೇ ಮರೆತುಹೋಗಿತ್ತು," ಅಂದರು, ಯಾರ ಬಾಯಿಯನ್ನೂ ನೋಡದೆ. ಆಮೇಲೆ, ಭಾನುವಾರ ಅಂದರೆ ಭಾನುವಾರ, ಎಲ್ಲರ ಹಲ್ಲೂ ವಾಪಸು ಬರಬೇಕು ಎಂದರು. ನನ್ನದು ಬಿಟ್ಟು, ಎಂದು ತಾಯಿ ಸೇರಿಸಿದರು. ಹಲ್ಲಿಲ್ಲದ ಕಾರಣ ಅದು ಗಾಳಿಯಂತೆ ಕೇಳಿಸಿತು, ಆದರೂ ಎಲ್ಲರಿಗೂ ಅರ್ಥವಾಯಿತು.

ಅಸಲು ಫೋಟೊಗಳನ್ನು ಮತ್ತೆ ತೆರೆದಾಗ ಅಕ್ಕನಿಗೆ ಒಂದು ಸತ್ಯ ಹೊಳೆಯಿತು. ನಗುವವರ ಬಾಯಿಗೆ ಕೈ ಹಾಕದಿದ್ದರೆ ಅರ್ಧ ದಿನದ ಕೆಲಸವೇ ಇಲ್ಲ. ದೊಡ್ಡಪ್ಪನನ್ನು ಕರೆದು, ಅವನ ಹತ್ತೂ ಪ್ರಶ್ನೆಗೆ ಒಂದೇ ಫೋಟೊದ ಮೇಲೆ ತಾಳ್ಮೆಯಿಂದ ಉತ್ತರ ಕೊಟ್ಟು, ಅದೇ ಉತ್ತರವನ್ನು ಉಳಿದವಕ್ಕೆಲ್ಲ ಒಟ್ಟಿಗೆ ಹಚ್ಚಿಸಿದಳು. ಬೆಳಕು ಸರಿಹೋಯಿತು, ಬಣ್ಣ ಏರಿತು, ಮುಖಗಳು ಅವರವರ ಹತ್ತಿರವೇ ಉಳಿದವು. ಗಿಳಿಯನ್ನು ಓಡಿಸುತ್ತೇನೆಂದು ಭಾವ ಹೊರಟಾಗ ಅಕ್ಕ ಬಿಡಲಿಲ್ಲ. ಸಾವಿನ ಕೆಲಸಕ್ಕೆ ಅದಕ್ಕಿಂತ ನಿಷ್ಠಾವಂತ ಇನ್ನೊಬ್ಬ ಸಿಗುವುದಿಲ್ಲ ಎಂದಳು. ಆಲ್ಬಮ್ ಭಾನುವಾರಕ್ಕೆ ಮುಂಚೆಯೇ ಕೈಸೇರಿತು.

ಗೋಡೆಗೆ ಏನು ಹಾಕುವುದೆಂಬ ಬಗ್ಗೆ ತಾಯಿ ಮಗನಿಗೆ ಜಗಳವಾಯಿತಂತೆ. ಕೊನೆಗೆ ಎರಡೂ ಬಂದವು. ಒಂದು ಕಡೆ ಇಡೀ ಕುಟುಂಬ ಬಾಯ್ತುಂಬ ನಗುತ್ತಿರುವ ಫೋಟೊ. ಪಕ್ಕದಲ್ಲಿ ಒಬ್ಬ ಮುದುಕಿ, ಬಾಯಿ ಮುಚ್ಚಿಕೊಂಡು ಎಲ್ಲರನ್ನೂ ನೋಡಿ ಒಳಗೊಳಗೇ ನಗುತ್ತಿರುವುದು. ಕೆಳಗೆ ನಮ್ಮ ಸ್ಟುಡಿಯೋದ ಹೆಸರು. ಕೆನ್ನೆ ಹಿಡಿದು ಕೂತವರು ನಗುವ ಕುಟುಂಬವನ್ನು ಒಮ್ಮೆ ನೋಡಿ, ಹಲ್ಲುನೋವಿನವರ ಮುಂದೆ ಇದೇನು ಕೊಬ್ಬು ಎಂದು ಮುಖ ತಿರುಗಿಸುತ್ತಿದ್ದರು. ಮುದುಕಿಯನ್ನು ಮಾತ್ರ ನೋಡುತ್ತಲೇ ಇರುತ್ತಿದ್ದರು.

ಮದುವೆಯ ಆರ್ಡರು ಒಂದೂ ಬರಲಿಲ್ಲ. ಬಂದದ್ದು ಊರಿನ ವಯಸ್ಸಾದವರು, ತಮ್ಮ ಕಾಲ ಮೇಲೆ ತಾವೇ ನಡೆದುಕೊಂಡು. ಮಕ್ಕಳ ಕೈಗೆ ಕೊಟ್ಟರೆ ಯಾವ ಪಾರ್ಟಿಯ ಫೋಟೊ ಹುಡುಕಿ ಯಾರ ಬಾಯಿ ಅಂಟಿಸುತ್ತಾರೋ, ನಮ್ಮದು ನಾವೇ ತೆಗೆಸಿಡುತ್ತೇವೆ ಎಂದರು. ಈಗ ಸ್ಟೂಲು ಖಾಲಿ ಇರುವುದಿಲ್ಲ, ಹೊರಗೆ ಬೆಂಚು ಹಾಕಿದ್ದೇವೆ. ಮೊನ್ನೆ ನಿವೃತ್ತ ಹೆಡ್‌ಮಾಸ್ತರೊಬ್ಬರು ಕೂತಾಗ ಭಾವ ಆಸೆ ತಡೆಯಲಾರದೆ, ಸ್ವಲ್ಪ ನಗಬಹುದಲ್ಲ ಸಾರ್ ಎಂದು ಕೇಳಿದರು.

"ಸತ್ತ ಮೇಲೆ ಬೇಕಾದಷ್ಟು ಟೈಮಿದೆ," ಅಂದರು ಹೆಡ್‌ಮಾಸ್ತರು. "ನೀನು ಒತ್ತು."

ಭಾವ ಒತ್ತಿದರು. ಔಷಧಿ ಅಂಗಡಿಯವನು ಕೌಂಟರಿಗೆ ಬೇರೆಯವರನ್ನು ಸೇರಿಸಿಕೊಂಡಿದ್ದಾನೆ. ನನ್ನ ತುಟಿಗಳಿಗೆ ಈಗ ಬೇಡಿಕೆ ಕಡಿಮೆ, ಆದರೆ ನನಗೆ ಬಡ್ತಿ ಸಿಕ್ಕಿದೆ: ಫೋಟೊ ಮುಗಿಯುವವರೆಗೆ ಗಿರಾಕಿಗಳ ಹಲ್ಲು ಹಿಡಿದುಕೊಂಡು ನಿಲ್ಲುವುದು. ಅದಕ್ಕೆಂದೇ ಎದುರಿನ ಡಾಕ್ಟರು ಮುಚ್ಚಳದ ಪುಟ್ಟ ಡಬ್ಬಿಗಳನ್ನು ಕಳಿಸಿಕೊಟ್ಟಿದ್ದಾರೆ. ಮುಚ್ಚಳದ ಮೇಲೆ ಅವರ ಕ್ಲಿನಿಕ್ಕಿನ ಹೆಸರನ್ನು ಅಚ್ಚು ಹಾಕಿಸಲು ಮರೆತಿಲ್ಲ.