ಸುಮನ ಆರಿಸಿದ ಸೀಟು

ಸ್ಕೂಟರಿನಿಂದ ಬಿದ್ದು ಸುಮನಳ ಬಲಗಾಲು ಮುರಿದಾಗ ಔರಂಗಾಬಾದಿನ ಕಾಲೇಜೊಂದರಲ್ಲಿ ಗಣಿತ ಉಪನ್ಯಾಸಕಿ ಹುದ್ದೆಯ ಸಂದರ್ಶನಕ್ಕೆ ಒಂದೇ ವಾರವಿತ್ತು. ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್. ಮೊಣಕಾಲು ಮಡಚುವಂತಿರಲಿಲ್ಲ.

ಅವಳ ತಂದೆ ಗುರುರಾಜರು ಧಾರವಾಡದಿಂದ ನಾಸಿಕಕ್ಕೆ ವರ್ಗವಾಗಿ ಬಂದಿದ್ದ ಬ್ಯಾಂಕ್ ಅಧಿಕಾರಿ. "ಮುಂದ ಹಾಕ್ರಿ ಅಂತ ತಂತಿ ಕೊಡ್ತೀನಿ," ಎಂದರು.

"ಬ್ಯಾಡ್ರಿ ಅಪ್ಪಾ. ಗಣಿತಾ ಕಲಸಲಿಕ್ಕೆ ಮೊಣಕಾಲು ಯಾಕ ಬೇಕು? ಯಾವ ಕಾರಿನ್ಯಾಗ ಕಾಲು ಚಾಚಲಿಕ್ಕೆ ಬರ್ತದ, ಕೂತು ನೋಡ್ತೀನಿ."

ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಮೂರು ಕಾರುಗಳು ನಿಂತವು. ತಮ್ಮದೇ ಹಳೆಯ ಫಿಯಾಟಿನ ಮುಂದಿನ ಸೀಟು ತುಕ್ಕು ಹಿಡಿದು ಹಿಂದೆ ಸರಿಯಲೇ ಇಲ್ಲ. ಬಾಡಿಗೆಯ ಅಂಬಾಸಿಡರ್‌ನಲ್ಲಿ ಹಿಂದಿನ ಸೀಟು ಮಂಚದಷ್ಟು ಅಗಲ, ಕಾಲು ಅಡ್ಡಲಾಗಿ ಚಾಚಬಹುದಿತ್ತು. ಆದರೆ ಬೆನ್ನಿಗೆ ಬಾಗಿಲಿನ ಹಿಡಿಕೆ ಒತ್ತುತ್ತಿತ್ತು, ಸೀಟಿನ ನಡುವಿನ ತಗ್ಗಿಗೆ ಮೈಯೆಲ್ಲ ಜಾರುತ್ತಿತ್ತು.

ಕೊನೆಯದು ಪಕ್ಕದ ಮನೆಯ ಪ್ರಭಾಕರರ ಮಾರುತಿ.

"ಈ ಬೆಂಕಿಪೊಟ್ಟಣದಾಗ ಏನು ಕೂಡ್ತೀ?" ಗುರುರಾಜರು ನಕ್ಕರು.

ಸುಮನ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಬೆನ್ನನ್ನು ವಾಲಿಸಿ ಕುಳಿತಳು. ಕುಳ್ಳಗಿದ್ದ ಅವಳ ಕಾಲು ನೆಟ್ಟಗೆ ಚಾಚಿಕೊಂಡಿತು. ಬೆನ್ನಿಗೂ ಆಸರೆ ಸಿಕ್ಕಿತು.

"ಇದ ಆತು," ಎಂದಳು. "ಹಿಂದ ಒಬ್ಬರಿಗಷ್ಟ ಜಾಗಾ ಉಳೀತದ. ಅಪ್ಪಾ, ನೀವು ಎತ್ತರ ಇದ್ದೀರಿ, ಹಿಡಸೂದಿಲ್ಲ. ಅವ್ವ ಬರಲಿ."

ಗುರುರಾಜರು ಹಿಂದೆ ಕುಳಿತು ನೋಡಿದರು. ಮೊಣಕಾಲು ಗದ್ದಕ್ಕೆ ಬಂತು. ಮೆಲ್ಲಗೆ ಕೆಳಗಿಳಿದರು.

ಸಂದರ್ಶನದ ದಿನ ಪ್ರಭಾಕರರೇ ಕಾರು ಓಡಿಸಿದರು. ದಾರಿಯ ಯೇವಲಾ ಊರು ದಾಟಿ, ಮಧ್ಯಾಹ್ನದ ಹೊತ್ತಿಗೆ ಕಾಲೇಜು ಮುಟ್ಟಿದರೆ, ಸಂದರ್ಶನ ಎರಡನೇ ಮಹಡಿಯಲ್ಲಿ! ತಾಯಿ ಗೋದಾವರಿಯ ಮುಖ ಬಾಡಿತು.

"ಅವ್ವಾ, ಮ್ಯಾಲೆ ಹೋಗಿ ಹೇಳು. ನಾ ಹತ್ತಲಾರೆ, ಅವರು ಇಳದು ಬರಬಹುದಲ್ಲ."

ಗೋದಾವರಿ ತಮ್ಮ ಅರೆಬರೆ ಮರಾಠಿಯಲ್ಲಿ ಹೇಳಿದರು. ಸ್ವಲ್ಪ ಹೊತ್ತಿಗೆ ಪ್ರಾಂಶುಪಾಲರೂ ಗಣಿತದ ಪ್ರಾಧ್ಯಾಪಕಿಯೂ ಕೆಳಗೆ ಬಂದರು. ಹೊರಗೆ ಸುಡು ಬಿಸಿಲು. ಪ್ರಭಾಕರರು ಇಳಿದು ಬಿಟ್ಟುಕೊಟ್ಟ ಡ್ರೈವರ್ ಸೀಟಿನಲ್ಲಿ ಪ್ರಾಧ್ಯಾಪಕಿ ಕುಳಿತರು, ಪ್ರಾಂಶುಪಾಲರು ಹಿಂದೆ ಮುದುಡಿಕೊಂಡರು.

"ಮೊದಲ ವರ್ಷದ ಹುಡುಗರಿಗೆ ವೃತ್ತದ ಸ್ಪರ್ಶರೇಖೆಯನ್ನು ಹೇಗೆ ಕಲಿಸುತ್ತೀರಿ?" ಪ್ರಾಧ್ಯಾಪಕಿ ಮರಾಠಿಯಲ್ಲಿ ಕೇಳಿದರು.

ಸುಮನ ಅವರ ಪೆನ್ನು ಕೇಳಿ ಪಡೆದು, ತನ್ನ ಬಿಳಿ ಪ್ಲಾಸ್ಟರಿನ ಮೇಲೆ ವೃತ್ತ ಬರೆದಳು. ಒಂದು ರೇಖೆ, ಇನ್ನೊಂದು ರೇಖೆ; ಪ್ರತಿಯೊಂದಕ್ಕೂ ಪ್ರಶ್ನೆ, ಉತ್ತರ. ಪ್ರಾಂಶುಪಾಲರು ಎರಡು ಸೀಟುಗಳ ನಡುವೆ ಕತ್ತು ತೂರಿಸಿ ನೋಡಿದರು. ಪಾಠ ಮೊಣಕಾಲು ದಾಟಿ ಪಾದದ ಕಡೆ ಇಳಿಯುವಷ್ಟರಲ್ಲಿ ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

"ಪ್ಲಾಸ್ಟರ್ ಬಿಚ್ಚಿದ ಮೇಲೆ ಬಂದು ಸೇರಿಕೊಳ್ಳಿ," ಎಂದರು ಪ್ರಾಂಶುಪಾಲರು.

ಗೋದಾವರಿ ಅಲ್ಲೇ ಎದುರಿನ ಎಸ್‌ಟಿಡಿ ಬೂತಿಗೆ ಓಡಿ ಗಂಡನಿಗೆ ಫೋನ್ ಹಚ್ಚಿದರು. ಆ ಕಡೆಯಿಂದ ಬಂದ ದನಿ ಕಾರಿನವರೆಗೂ ಕೇಳುವಷ್ಟು ಜೋರಾಗಿತ್ತು.

"ಹೌದೇನು? ಇರು, ಬ್ಯಾಂಕಿನವರಿಗೆಲ್ಲ ಈಗ ಪೇಢೆ ತರಸ್ತೀನಿ!"