ಕಂದು ಹಾಕುವ ಕೊಟ್ಟಿಗೆ

"ಊದೇ! ಮೂಗಿಗೆ ಬಾಯಿ ಹಚ್ಚಿ ಊದೇ! ನಿನ್ನ ಗಂಡ ಬಂದು ಊದ್ತಾನೆ ಅಂತ ಕಾಯ್ತಿದ್ದೀಯೇನೇ, ಲೌಡಿ?"

ಯಜಮಾನರು ಕಟಕಟೆಯ ಆಚೆ ನಿಂತಿದ್ದರು. ಶೂಗೆ ಸಗಣಿ ಹತ್ತೀತೆಂದು ಅವರು ಯಾವತ್ತೂ ಈಚೆ ಕಾಲಿಡುವವರಲ್ಲ. ಈಚೆ ಇದ್ದದ್ದು ನಾನು, ನನ್ನ ನಾದಿನಿ, ನಲವತ್ತೆರಡನೇ ನಂಬರಿನ ಹಸು, ಮತ್ತು ನಾವಿಬ್ಬರೂ ಆಗಷ್ಟೇ ಎಳೆದು ಹುಲ್ಲಿನ ಮೇಲೆ ಮಲಗಿಸಿದ್ದ ಕರು. ಎರಡು ತಿಂಗಳು ಮುಂಚೆಯೇ ಬಂದ ಕರು. ಮೈಮೇಲೆ ಕೂದಲು ಕೂಡ ಸರಿಯಾಗಿ ಮೂಡಿರಲಿಲ್ಲ.

ನಾದಿನಿ ಮಂಡಿಯೂರಿದಳು. ಐದು ತಿಂಗಳ ಹೊಟ್ಟೆ ತೊಡೆಗೆ ಒತ್ತಿತು. ಬೆರಳು ಹಾಕಿ ಕರುವಿನ ಬಾಯಿಯ ಲೋಳೆ ತೆಗೆದು, ಒಂದು ಹೊಳ್ಳೆ ಮುಚ್ಚಿ, ಇನ್ನೊಂದಕ್ಕೆ ಬಾಯಿ ಹಚ್ಚಿ ಊದಿದಳು. ಬಾಯಿಗೆ ಬಂದದ್ದನ್ನು ಉಗಿದಳು. ಮತ್ತೆ ಊದಿದಳು. ಇಪ್ಪತ್ತು ಕರುಗಳಿಗಾದರೂ ಅವಳು ಹೀಗೆ ಉಸಿರು ಕೊಟ್ಟಿದ್ದಾಳೆ. ನಮ್ಮಲ್ಲಿ ಆ ವಿದ್ಯೆ ಬಲ್ಲವಳು ಅವಳೊಬ್ಬಳೇ. ಈ ಕರು ಮಾತ್ರ ಎದೆ ಎತ್ತಲಿಲ್ಲ.

"ಸತ್ತೇ ಹುಟ್ಟಿದೆ ಯಜಮಾನ್ರೇ," ಎಂದೆ.

"ಈ ತಿಂಗಳಲ್ಲಿ ಮೂರನೇದು. ನಿಮ್ಮ ಕೈ ಸೋಕಿದ್ದು ಯಾವುದು ಉಳಿದಿದೆ? ಕೈ ತೊಳ್ಕೊಂಡಿದ್ರೇನ್ರೇ, ದರಿದ್ರ ಮುಂಡೇವಾ?"

"ತೊಳ್ಕೊಂಡಿದ್ವಿ."

"ಯಾವಾಗ, ಹುಟ್ಟಿದಾಗಲಾ?"

ತಮ್ಮ ಮಾತಿಗೆ ತಾವೇ ನಕ್ಕು ಅವರು ಹೊರಟುಹೋದರು.

ಹಸು ಮಾಸು ಬಿಡಲಿಲ್ಲ. ಅರ್ಧ ಹೊರಗೆ ಜೋತು ಅರ್ಧ ಒಳಗೇ ಕಚ್ಚಿಕೊಂಡಿತ್ತು. ಭುಜದವರೆಗೆ ಬರುವ ಕೈಗವಸುಗಳ ಡಬ್ಬಿ ಆಫೀಸಿನ ಬೀರುವಿನಲ್ಲಿದೆ, ಅದು ಡಾಕ್ಟರಿಗೆ. ನಮಗೆಂದು ಕೊಟ್ಟಿದ್ದ ಒಂದೇ ಜೊತೆಯನ್ನು ತೊಳೆದು, ತಂತಿಯ ಮೇಲೆ ಒಣಗಿಸಿ, ಮತ್ತೆ ತೊಟ್ಟು, ಗವಸಿನ ಬೆರಳುಗಳೆಲ್ಲ ಹರಿದುಹೋಗಿ, ಈಗ ಅದನ್ನು ತೊಟ್ಟರೂ ಒಂದೇ, ಬಿಟ್ಟರೂ ಒಂದೇ. ನಾದಿನಿ ಬರಿಗೈಯನ್ನೇ ಮೊಣಕೈವರೆಗೆ ಒಳಗಿಟ್ಟು ಎಳೆದಳು. ಕಣ್ಣು ಮುಚ್ಚಿಕೊಂಡು ಎಳೆದಳು. ವಾಸನೆ ನಮಗೆ ಹೊಸದಲ್ಲ. ಆದರೂ ಆ ದಿನ ಇಬ್ಬರೂ ಊಟ ಬಿಚ್ಚಲಿಲ್ಲ.

ಆ ಕೊಟ್ಟಿಗೆಯ ಗೋಡೆಗೆ ದನದ ಡಾಕ್ಟರು ಒಂದು ಬೋರ್ಡು ಹಾಕಿಸಿದ್ದಾರೆ. ಕರು ಹಾಕುವ ಮೂರು ವಾರ ಮುಂಚೆ, ಹಾಕಿದ ಮೂರು ವಾರ ಆಮೇಲೆ, ಹಸುವಿನ ಮೈಯಲ್ಲಿ ರೋಗ ತಡೆಯುವ ಶಕ್ತಿ ಕುಗ್ಗಿರುತ್ತದಂತೆ. ಆಗ ಅದನ್ನು ಓಡಿಸಬಾರದು, ಬೆದರಿಸಬಾರದು, ಒತ್ತೊತ್ತಾಗಿ ಕಟ್ಟಬಾರದು. ಹಾಸಿಗೆಯ ಹುಲ್ಲು ಒಣಗಿರಬೇಕು. ಕಾಯಿಲೆಯ ಹಸುವನ್ನು ಕರು ಹಾಕುವ ಜಾಗದಲ್ಲಿ ಎಂದೂ ಕಟ್ಟಕೂಡದು.

ಬೋರ್ಡು ಬಂದ ದಿನ ನಾದಿನಿ ಅಕ್ಷರಕ್ಕೆ ಅಕ್ಷರ ಕೂಡಿಸಿ ಅದನ್ನು ಓದಿದ್ದಳು.

"ಅತ್ತಿಗೆ, ಬೆದರಿಸಬಾರ್ದಂತೆ! ನಾವೂ ಕಿವಿಗೊಂದು ನಂಬರ್ ಚುಚ್ಚಿಸ್ಕೊಳ್ಳೋಣ್ವಾ?"

"ಚುಚ್ಚಿಸ್ಕೊಂಡ್ರೆ ಕಟ್ಟಿಹಾಕ್ತಾರೆ ಕಣೇ."

"ಈಗೇನು ಬಿಚ್ಚಿಟ್ಟಿದ್ದಾರಾ?"

ಆಗ ನಗುತ್ತಿದ್ದಳು.

ಕಾಯಿಲೆಯ ಹಸುಗಳಿಗೆಂದು ಬೇರೆ ಕೊಟ್ಟಿಗೆ ಇದೆ. ಅದರ ತುಂಬ ಹಿಂಡಿಯ ಮೂಟೆ. ಹಾಗಾಗಿ ಕೆಚ್ಚಲು ಬಾತದ್ದು, ಜ್ವರ ಬಂದದ್ದು, ಕರು ಹಾಕುವಂಥದ್ದು, ಎಲ್ಲ ಒಂದರ ಹಿಂದೆ ಒಂದು ಇದೇ ಹುಲ್ಲಿನ ಮೇಲೆ ಮಲಗುತ್ತವೆ. ಮೊದಲನೆಯ ಹಸು ದಿನ ತುಂಬದೆ ಕರು ಇಳಿಸಿದಾಗಲೇ ನಾನು ಹೇಳಿದ್ದೆ: ಹುಲ್ಲೆಲ್ಲ ಎತ್ತಿ ಸುಟ್ಟು, ನೆಲಕ್ಕೆ ಸುಣ್ಣ ಹೊಡೆದು, ನಾಲ್ಕು ದಿನ ಖಾಲಿ ಬಿಡೋಣ ಎಂದು.

"ಬೋರ್ಡ್ ಓದೋದು ಕಲ್ತ್ಯಾ? ಬಾ ಹಂಗಾದ್ರೆ, ನನ್ನ ಕುರ್ಚೀಲೇ ಕೂತ್ಕೋ. ನಾನು ಸಗಣಿ ಬಾಚ್ತೀನಿ," ಎಂದಿದ್ದರು ಯಜಮಾನರು. "ಮೇಲೊಂದು ಹೊರೆ ಹೊಸ ಹುಲ್ಲು ಹಾಕು. ಸಾಕು."

ಮೇಲೆ ಹೊಸ ಹುಲ್ಲು ಹಾಕಿದೆ. ನಾನೇ ಹಾಕಿದೆ.

ಕೆಲವು ವಾರ ಕಳೆದ ಮೇಲೆ ನಾದಿನಿಗೆ ಜ್ವರ ಬಂತು. ಸಂಜೆ ಏರುತ್ತಿತ್ತು, ಬೆಳಗಾಗುವಷ್ಟರಲ್ಲಿ ಮೈಯೆಲ್ಲ ಬೆವರಿ ಇಳಿಯುತ್ತಿತ್ತು. ಇಳಿದ ಕೂಡಲೇ ಅವಳು ಎದ್ದು ಕೆಲಸಕ್ಕೆ ಬರುತ್ತಿದ್ದಳು. ಸೊಂಟದ ಕೀಲು ಯಾರೋ ಕಳಚಿಟ್ಟ ಹಾಗೆ ನೋಯುತ್ತದೆ ಎನ್ನುತ್ತಿದ್ದಳು. ಎರಡು ಸಲ ಆಸ್ಪತ್ರೆಗೆ ಹೋದೆವು, ಎರಡು ಸಲವೂ ಅದೇ ಬಿಳಿ ಮಾತ್ರೆ. ಮೂರನೆಯ ಸಲ ಹೋದಾಗ ಒಬ್ಬ ಡಾಕ್ಟರಮ್ಮ ಅವಳ ಕೈಯ ಗೀರುಗಳನ್ನು ತಿರುಗಿಸಿ ನೋಡಿದರು.

"ಏನು ಕೆಲಸಮ್ಮ ನಿಂದು?"

"ದನದ ಬಾಣಂತನ," ಎಂದಳು ನಾದಿನಿ.

ಡಾಕ್ಟರಮ್ಮ ನಗಲಿಲ್ಲ. "ಅಲ್ಲಿ ದನಗಳು ಕಂದು ಹಾಕ್ತಿವೆಯಾ? ದಿನ ತುಂಬೋಕೆ ಮುಂಚೆ?"

"ಐದಾದ್ವು," ಎಂದೆ ನಾನು.

ಅವರು ಪೆನ್ನು ಕೆಳಗಿಟ್ಟರು. "ಹಾಗೆ ಕಂದು ಹಾಕಿಸೋ ರೋಗ ಒಂದಿದೆ, ಅದು ದನದಿಂದ ಮನುಷ್ಯರಿಗೂ ಬರುತ್ತೆ. ಮಾಸು ಮುಟ್ಟಿದ್ರೆ, ಆ ನೀರು ಬಾಯಿಗೆ ಹೋದ್ರೆ. ಹೊಟ್ಟೇಲಿರೋ ಮಗೂಗೆ ಒಳ್ಳೇದಲ್ಲ. ಇದ್ರ ರಕ್ತ ಪರೀಕ್ಷೆ ದೊಡ್ಡಾಸ್ಪತ್ರೇಲಿ ಮಾತ್ರ. ಸುಮ್ನೆ ಕಳಿಸಿದ್ರೆ ಬರೀ ಜ್ವರ ಅಂತ ಅಟ್ಟಿಬಿಡ್ತಾರೆ. ದನದ ಡಾಕ್ಟ್ರ ಹತ್ರ ಒಂದು ಚೀಟಿ ಬರೆಸ್ಕೊಂಡು ಬನ್ನಿ, ಅಲ್ಲಿ ಈ ರೋಗ ಇದೆ ಅಂತ. ತಡ ಮಾಡ್ಬೇಡಿ."

ಯಜಮಾನರು ಕೊಟ್ಟ ರೂಮಿನ ಬಾಗಿಲ ಹತ್ತಿರ ಬಂದಾಗ ನಾದಿನಿ ತುಟಿಯನ್ನು ಸೆರಗಿನಿಂದ ಒರೆಸಿಕೊಂಡಳು. ಇನ್ನೊಮ್ಮೆ ಒರೆಸಿಕೊಂಡಳು.

ಚೀಟಿಯ ಮಾತೆತ್ತಿದಾಗ ಯಜಮಾನರು ಫೋನಿನಿಂದ ತಲೆ ಎತ್ತಲಿಲ್ಲ.

"ಹೊಟ್ಟೆ ತುಂಬಿಸ್ಕೊಂಡವಳು ಅವಳು. ತಪ್ಪು ನನ್ನ ದನದ್ದಾ?"

"ತಪ್ಪು ಅಂತಿಲ್ಲ. ಒಂದು ಚೀಟಿ..."

"ಕೊಟ್ಟಿಗೇಲಿ ರೋಗ ಅಂತ ಬರ್ಕೊಟ್ರೆ ನಾಳೆ ಹಾಲು ಯಾವನು ತಗೋತಾನೆ, ನಿಮ್ಮಪ್ಪನಾ? ಬಾಯಿ ಮುಚ್ಕೊಂಡು ಹೋಗು. ಇಲ್ದಿದ್ರೆ ಸಾಮಾನು ಕಟ್ಕೊಂಡು ರೂಮ್ ಖಾಲಿ ಮಾಡು."

ಮರುದಿನ ಮಧ್ಯಾಹ್ನ ದನದ ಡಾಕ್ಟರು ಎಲ್ಲ ಹಸುಗಳ ರಕ್ತ ತೆಗೆಯಲು ಬಂದರು. ಹಸುಗಳು ಗೋದಲಿಗೆ ತಲೆ ಹಾಕಿದ ಕೂಡಲೇ ನಾವು ಕತ್ತಿನ ಸರಳು ಬಿಗಿದೆವು. ಕಾರಿನಿಂದಿಳಿದ ಡಾಕ್ಟರನ್ನು ನೋಡಿ ಕೆಲಸ ನಿಂತಿತು. ಕಾಲಿಂದ ಕತ್ತಿನವರೆಗೆ ಬಿಳಿ ಅಂಗಿ, ಬಾಯಿಗೆ ಬಟ್ಟೆ, ಕಣ್ಣಿಗೆ ದಪ್ಪ ಕನ್ನಡಕ, ಕೈಗೆ ಜೋಡಿ ಜೋಡಿ ಗವಸು. ಮೊದಲು ಬರುತ್ತಿದ್ದಾಗ ಇದೇ ಮನುಷ್ಯ ಅಂಗಿಯ ತೋಳು ಮಡಚಿಕೊಂಡು ನಮ್ಮ ಜೊತೆಯೇ ಒಳಗಿಳಿಯುತ್ತಿದ್ದರು.

ನಾದಿನಿ ಒಂದೊಂದೇ ಬಾಲ ಎತ್ತಿ ಹಿಡಿದಳು. ಡಾಕ್ಟರು ಬಾಲದ ಬುಡಕ್ಕೆ ಸೂಜಿ ಚುಚ್ಚಿ ರಕ್ತ ಎಳೆದರು. ಸೀಸೆಗೆ ನಂಬರು ಹಚ್ಚಿದರು. ಎಪ್ಪತ್ತು ಹಸು, ಎಪ್ಪತ್ತು ಸೀಸೆ.

"ಕಂದು ಹಾಕಿದ ಹಸುಗಳ ರಕ್ತ ಮೊದಲೇ ತಗೊಂಡು ಹೋಗಿದ್ರಲ್ಲ, ಅದ್ರ ರಿಪೋರ್ಟ್ ಬಂತಾ ಡಾಕ್ಟ್ರೇ?" ಎಂದು ಕೇಳಿದೆ.

ಅವರು ಯಜಮಾನರ ಮುಖ ನೋಡಿದರು.

"ವಿಟಮಿನ್ ಕಮ್ಮಿಯಂತೆ," ಎಂದರು ಯಜಮಾನರು ಕಟಕಟೆಯಾಚೆಯಿಂದ.

ಹಾಲು ಕರೆಯುವ ಮುದುಕನೊಬ್ಬನಿದ್ದಾನೆ. ಸದಾ ಏನಾದರೂ ಗೊಣಗುತ್ತಾನೆಂದು ನಾವು ಗೊಣಗಪ್ಪ ಅನ್ನುತ್ತೇವೆ. ಅವನು ತಲೆ ತಗ್ಗಿಸಿಕೊಂಡೇ ಗೊಣಗಿದ: "ವಿಟಮಿನ್ನಿಗೆ ಇಷ್ಟು ದಪ್ಪ ಕನ್ನಡಕ ಯಾಕೆ ಡಾಕ್ಟ್ರೇ? ಹಾರಿ ಕಚ್ಚುತ್ತಾ?"

ಯಾರೋ ಕಿಸಕ್ಕೆಂದರು. ಡಾಕ್ಟರು ನಗಲಿಲ್ಲ. ಅವರ ಕತ್ತು ಕೆಂಪಗಾದದ್ದು ಮಾತ್ರ ಕಂಡಿತು.

ಕೊನೆಯ ಹಸುವಿನ ಬಾಲ ಬಿಟ್ಟು ನಾದಿನಿ ಗೋಡೆಗೆ ಒರಗಿ ಕುಳಿತಳು. ನಾನು ಹತ್ತಿರ ಹೋದೆ. ಮೈ ಸುಡುತ್ತಿತ್ತು.

"ಅತ್ತಿಗೆ, ಬೆಳಿಗ್ಗೆಯಿಂದ ಮಗು ಮಿಸುಕಿಲ್ಲ," ಎಂದಳು. ಬೇರೆ ಯಾರದೋ ವಿಷಯ ಹೇಳುವಂತೆ ಮೆಲ್ಲಗೆ ಹೇಳಿದಳು.

ನಾನು ಎದ್ದು ಡಾಕ್ಟರ ಕಾರಿನ ಬಾಗಿಲಿಗೆ ಅಡ್ಡ ನಿಂತೆ. ಯಾಕೋ ಕೋಪವೂ ಬರಲಿಲ್ಲ. ಬಹಳ ಸುಸ್ತಾಗಿತ್ತು.

"ಒಂದು ಸಾಲು ಬರೀರಿ ಡಾಕ್ಟ್ರೇ. ಏನು ರೋಗ ಅಂತ. ಅವಳನ್ನ ಈಗಲೇ ಕರ್ಕೊಂಡು ಹೋಗ್ಬೇಕು."

"ರಿಪೋರ್ಟ್ ಯಜಮಾನ್ರಿಗೆ ಮಾತ್ರ ಕೊಡೋದಮ್ಮ. ನಾನು ದನದ ಡಾಕ್ಟ್ರು. ಮನುಷ್ಯರ ವಿಷಯ..."

"ಮನುಷ್ಯರ ವಿಷಯ ಬರೀಬೇಡಿ. ದನದ ವಿಷಯನೇ ಬರೀರಿ."

"ಏಯ್!" ಯಜಮಾನರು ಕೂಗಿದರು. "ಗಂಟೆ ನಾಲ್ಕಾಯ್ತು. ಸರಳು ಬಿಚ್ಚಿ ಹಾಲಿನ ಮನೆಗೆ ಹೊಡೀರೋ! ಏನ್ ಸಿನಿಮಾ ನೋಡ್ತಿದ್ದೀರಾ, ಸೂಳೆಮಕ್ಕಳಾ?"

ಎಲ್ಲ ಹಸುಗಳ ಕತ್ತಿನ ಸರಳಿಗೆ ಸೇರಿ ಒಂದೇ ಹಿಡಿಕೆ, ಅದನ್ನು ಎಳೆಯದೆ ಒಂದು ಸರಳೂ ಬಿಚ್ಚುವುದಿಲ್ಲ. ಅದು ಗೊಣಗಪ್ಪನ ಪಕ್ಕದಲ್ಲೇ ಇತ್ತು. ಅವನು ಹಿಡಿಕೆಯನ್ನು ನೋಡಿದ, ನಾದಿನಿಯನ್ನು ನೋಡಿದ. ಆಮೇಲೆ ಬಕೆಟ್ಟು ಬೋರಲು ಹಾಕಿ, ಹಿಡಿಕೆಗೆ ಬೆನ್ನು ಕೊಟ್ಟು ಅದರ ಮೇಲೆ ಕುಳಿತ.

"ಕಾಲು ನೋವು ಯಜಮಾನ್ರೇ. ಡಾಕ್ಟ್ರು ಬರೆದ ಮೇಲೆ ಎದ್ದೇಳ್ತೀನಿ."

ಮೇವು ಹಾಕುವವನು ಸಲಿಕೆ ಒರಗಿಸಿ ಅವನ ಪಕ್ಕ ನಿಂತ. ಹಾಲಿನ ಮನೆಯ ಹೆಂಗಸರು ಮೂವರೂ ಹೊರಬಂದು ನಿಂತರು. ಯಾರೂ ಕೂಗಲಿಲ್ಲ.

ಮೊದಲ ಬಾರಿಗೆ ಯಜಮಾನರು ಕಟಕಟೆ ದಾಟಿ ಈಚೆ ಬಂದರು. ಗೊಣಗಪ್ಪನ ಕೊರಳಪಟ್ಟಿಗೆ ಕೈ ಹಾಕಿ ಜಗ್ಗಿದರು. ಮುದುಕ ಜಗ್ಗಲಿಲ್ಲ. ಅಂಗಿಯ ಗುಂಡಿ ಕಿತ್ತು ಬಂದು ಗಂಜಲದಲ್ಲಿ ಬಿತ್ತು.

"ಹಳೇ ಅಂಗಿ. ಎಳೀರಿ," ಎಂದ ಅವನು.

ಹಸುಗಳು ಒಂದೊಂದಾಗಿ ಕೂಗತೊಡಗಿದವು. ಕಾರಿಗೆ ಹತ್ತಿರದ ತುದಿಯಲ್ಲಿ, ಮೂರು ದಿನದ ಹಿಂದೆ ಕರು ಹಾಕಿದ ಕೆಂಚಿ ಕಾಲು ಬದಲಿಸಿ ಬದಲಿಸಿ ನಿಲ್ಲುತ್ತಿತ್ತು. ಈಗ ಕರೆಯದಿದ್ದರೆ ಅದರ ಕೆಚ್ಚಲಿಗೆ ಬಾವು ಬರುತ್ತದೆ. ಮೈಯಲ್ಲಿ ತಡೆಯುವ ಶಕ್ತಿ ಇಲ್ಲದ ದಿನಗಳು ಅವು. ಅದು ನನಗೆ ಗೊತ್ತು. ಯಜಮಾನರಿಗಿಂತ ಚೆನ್ನಾಗಿ ಗೊತ್ತು. ಅದರ ಬೆನ್ನ ಮೇಲೆ ಕೈಯಿಟ್ಟು, "ತಡ್ಕೋ ತಾಯಿ, ಸ್ವಲ್ಪ ತಡ್ಕೋ," ಎಂದೆ. ಅದು ತಿರುಗಿ ನೋಡಲು ಕತ್ತು ಎಳೆದುಕೊಂಡಿತು. ಸರಳು ಬಿಡಲಿಲ್ಲ.

ಡಾಕ್ಟರು ಕನ್ನಡಕ ತೆಗೆದಿದ್ದರು. ಕಾರಿನ ಮೇಲೆ ಕಾಗದ ಹರಡಿ, ಪೆನ್ನಿನ ಮುಚ್ಚಳ ಬಿಚ್ಚಿ, ಹಾಕಿ, ಮತ್ತೆ ಬಿಚ್ಚುತ್ತಿದ್ದರು.

"ಬರೆದ್ರೆ ನೋಡು!" ಎಂದರು ಯಜಮಾನರು.

ಕೆಂಚಿಯ ಮೊಲೆಗಳಿಂದ ಹಾಲು ತಾನಾಗಿ ಸೋರತೊಡಗಿತು. ಪಕ್ಕದ್ದು, ಅದರ ಪಕ್ಕದ್ದು. ಹಸುಗಳ ಸಾಲಿನ ಕೆಳಗೆ ಸಿಮೆಂಟಿನ ಮೇಲೆ ತೊಟ್ಟು ತೊಟ್ಟಾಗಿ ಬಿದ್ದ ಹಾಲು ಒಂದಕ್ಕೊಂದು ಕೂಡಿ ಸಗಣಿಯ ಚರಂಡಿಗೆ ಇಳಿಯಿತು. ಗೋಡೆಯ ಬುಡದಲ್ಲಿ ನಾದಿನಿ ಎರಡು ಅಂಗೈಯನ್ನೂ ಹೊಟ್ಟೆಯ ಮೇಲೆ ಒತ್ತಿ, ಕಣ್ಣು ಮುಚ್ಚಿ, ಒಳಗಿಂದ ಒಂದು ಮಿಸುಕಾಟವಾದರೂ ಬರುತ್ತದೇನೋ ಎಂದು ಕಾಯುತ್ತಿದ್ದಳು.