ಬ್ರೇಕಿನ ಕಾಲು

ಪೋಲ್ ವಾಲ್ಟ್ ಕಲಿಸುವ ಕೆಲಸ ಭೌತಶಾಸ್ತ್ರದ ಮೇಷ್ಟ್ರಾದ ನನ್ನ ಕೊರಳಿಗೆ ಬಿದ್ದದ್ದು ವ್ಯಾಯಾಮದ ಮೇಷ್ಟ್ರ ಕೃಪೆಯಿಂದ. ಕೋಲು, ವೇಗ, ಎತ್ತರ ಎಲ್ಲ ನಿಮ್ಮ ಪಾಠದಲ್ಲೇ ಇದೆಯಲ್ಲ ಎಂದು ಅವರು ಕೈತೊಳೆದುಕೊಂಡರು. ಮಾತು ಸುಳ್ಳೇನಲ್ಲ. ಓಟದ ವೇಗವೇ ಮೇಲೆ ಹೋಗಿ ಎತ್ತರವಾಗುತ್ತದೆ. ಕೋಲು ನಡುವಿನ ದಲ್ಲಾಳಿ ಅಷ್ಟೇ. ಕೊನೆಯ ಹೆಜ್ಜೆಗಳಲ್ಲಿ ವೇಗ ಕಳೆದುಕೊಂಡವರ ಬಳಿ ದಲ್ಲಾಳಿಗೆ ಕೊಡಲು ಏನೂ ಉಳಿದಿರುವುದಿಲ್ಲ.

ಮಿಡತೆಯ ತೊಂದರೆಯೂ ಅದೇ. ಮಿಡತೆ ಎಂದರೆ ಹತ್ತನೇ ತರಗತಿಯ ಹುಡುಗಿ. ಉದ್ದುದ್ದ ಕೈಕಾಲು ನೋಡಿ ಗೆಳತಿಯರಿಟ್ಟ ಹೆಸರು. ಶಾಲೆಗಳ ಕ್ರೀಡಾಕೂಟದಲ್ಲಿ ಎರಡು ಮೀಟರ್ ಅರವತ್ತು ದಾಟಿದರೆ ಅವಳಿಗೆ ದೊಡ್ಡ ಕೂಟದ ತಂಡದಲ್ಲಿ ಜಾಗ. ಶಾಲೆಯ ಕೊನೆಯ ವರ್ಷವಾದ್ದರಿಂದ ಇನ್ನೊಂದು ಅವಕಾಶವಿರಲಿಲ್ಲ. ಕೆಲವು ದಿನ ಆ ಎತ್ತರದ ಅಡ್ಡಪಟ್ಟಿಯನ್ನು ಹೊಸಿಲು ದಾಟಿದಷ್ಟು ಸಲೀಸಾಗಿ ದಾಟುತ್ತಿದ್ದಳು. ಕೆಲವು ದಿನ ಕೊನೆಗೆ ಬರುತ್ತಲೇ ಹೆಜ್ಜೆ ಪುಟ್ಟದಾಗಿ, ಒಂದೆರಡು ಹೆಚ್ಚಾಗುತ್ತಿತ್ತು. ನೆಗೆಯುವ ಕಾಲು ಕೋಲು ಹಿಡಿದ ಮೇಲಿನ ಕೈಯ ನೇರ ಕೆಳಗೆ ಬೀಳಬೇಕು; ಅವಳದು ನೆಗೆಯುವ ಗೆರೆ ದಾಟಿ ಒಳಗೆ ಬೀಳುತ್ತಿತ್ತು, ಕೋಲು ಬಾಗದೆ ಅವಳನ್ನೇ ಹಿಂದಕ್ಕೆ ನೂಕುತ್ತಿತ್ತು.

ನಾನು ಓಟ ಶುರುವಾಗುವ ಗುರುತನ್ನು ಹಿಂದಿಟ್ಟೆ, ಮುಂದಿಟ್ಟೆ. ಕೋಲು ಬದಲಿಸಿದೆ. ಹಿಡಿತ ಇಳಿಸಿದೆ. ತಲೆನೋವಿಗೆ ಮೊಣಕಾಲಿಗೆ ಮುಲಾಮು ಹಚ್ಚಿದ ಹಾಗಾಯಿತು.

ಅವಳ ಓಟವನ್ನು ಫೋನಿನಲ್ಲಿ ಚಿತ್ರೀಕರಿಸಿ, ಸದ್ದು ಅಡಗಿಸಿ, ನಿಧಾನ ಮಾಡಿ ನೋಡುವುದು ನನ್ನ ರೂಢಿ. ಒಂದು ಸಂಜೆ ಸಿಬ್ಬಂದಿ ಕೋಣೆಯಲ್ಲಿ ಸದ್ದು ಅಡಗಿಸುವುದು ಮರೆತುಹೋಯಿತು. ಹೆಜ್ಜೆ ಪುಟ್ಟದಾಗುವುದಕ್ಕೆ ಒಂದು ಕ್ಷಣ ಮುಂಚೆ ಟೈರಿನಿಂದ ಗಾಳಿ ಹೋದಂತೆ ‘ಸ್ಸ್’ ಎಂದು ಕೇಳಿಸಿತು. ಚಿತ್ರದ ಮೂಲೆಯಲ್ಲಿ ಬೆಂಚಿನ ಮೇಲೆ ಅವಳ ಅಪ್ಪ. ಬಸ್ ಡ್ರೈವರು, ಕೆಲಸದ ಸಮವಸ್ತ್ರದಲ್ಲೇ ಬಂದಿದ್ದಾರೆ. ಹಲ್ಲಿನ ಸಂದಿಯಿಂದ ಉಸಿರೆಳೆದು, ಬಲಗಾಲಿನಿಂದ ನೆಲವನ್ನು ಬಲವಾಗಿ ಒತ್ತುತ್ತಿದ್ದಾರೆ. ಮಗಳು ನೆಲ ಬಿಡುವಷ್ಟರಲ್ಲಿ ಕಣ್ಣು ಗಟ್ಟಿಯಾಗಿ ಮುಚ್ಚಿದ್ದಾರೆ. ಹಳೆಯ ಚಿತ್ರಗಳನ್ನೂ ತೆಗೆದು ನೋಡಿದೆ. ಅವಳು ಸೋತ ದಿನಗಳೆಲ್ಲ ಅವರು ಬಂದ ದಿನಗಳು.

ತೋರಿಸಿದಾಗ ಮಿಡತೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. “ಗೊತ್ತು ಸರ್. ಚಿಕ್ಕಂದಿನಲ್ಲಿ ಅಪ್ಪನ ಸೀಟಿನ ಹಿಂದೇನೇ ಕೂತ್ಕೊಂಡು ಹೋಗ್ತಿದ್ದೆ. ಆ ಉಸಿರು ಕೇಳಿಸ್ತು ಅಂದ್ರೆ ಕಂಬಿ ಹಿಡ್ಕೋಬೇಕು. ನನ್ನ ಮಾತು ಎಲ್ಲಿ ಕೇಳುತ್ತೆ, ಕಾಲು ತಾನಾಗೇ ನಿಲ್ಲುತ್ತೆ.” ಫೋನು ವಾಪಸ್ ಕೊಡುತ್ತ, “ಅಪ್ಪನಿಗೆ ಹೇಳಬೇಡಿ ಸರ್. ಬರೋದೇ ಬಿಟ್ಬಿಡ್ತಾರೆ” ಅಂದಳು.

ಹೇಳಲಿಲ್ಲ. ಡ್ರೈವರಿಗೆ ಒಂದು ಕೆಲಸ ಕೊಟ್ಟೆ. ನೆಗೆಯುವ ಗೆರೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಅವಳ ಕಾಲು ಬಿದ್ದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಬೇಕು, ತಲೆ ಎತ್ತಬಾರದು. ಅವರು ಅದನ್ನು ಡ್ಯೂಟಿ ಎಂದೇ ತೆಗೆದುಕೊಂಡರು. ಹುಡುಗಿಯರು ಮಾತಿಗೆಳೆದರೆ, ಓಡುವಾಗ ಡ್ರೈವರ್ ಜೊತೆ ಮಾತಾಡಬಾರದೆಂದು ಬಸ್ಸಿನಲ್ಲಿ ಬರೆದದ್ದು ಓದಿಲ್ಲವೇ ಎಂದು ಗದರುತ್ತಿದ್ದರು. ಕಣ್ಣಿಗೆ ಕೆಲಸ ಸಿಕ್ಕಿದ್ದೇ ಉಸಿರಿನ ಸದ್ದು ನಿಂತಿತು. ಗುರುತುಗಳೆಲ್ಲ ಗೆರೆಯ ಮೇಲೇ ಗುಂಪುಗೂಡತೊಡಗಿದವು. ಪ್ರತಿ ನೆಗೆತದ ನಂತರ, ನೆಲ ನೋಡುತ್ತಲೇ ಪಟ್ಟಿಯ ಗತಿಯನ್ನು ನನ್ನಲ್ಲಿ ಕೇಳುತ್ತಿದ್ದರು: “ಬಿತ್ತಾ ಮೇಷ್ಟ್ರೇ, ಉಳೀತಾ?”

ಆದರೆ ಕೂಟದ ದಿನ ಮನೆಯವರೆಲ್ಲ ಹಗ್ಗದ ಆಚೆಗಿರಬೇಕೆಂದು ನಿಯಮ. ಡ್ರೈವರು ಕೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡೇ ಬೆಂಚಿನ ಮೇಲೆ ಕೂತರು. ಎರಡು ಮೀಟರ್ ಅರವತ್ತಕ್ಕೆ ಮೂರು ಅವಕಾಶ. ಮೊದಲನೆಯದರಲ್ಲಿ ‘ಸ್ಸ್’ ಕೇಳಿಸಿತು. ಮಿಡತೆ ನೆಗೆಯದೆ ಪಟ್ಟಿಯ ಕೆಳಗೇ ಓಡಿಹೋದಳು. ಎರಡನೆಯದರಲ್ಲಿ ಮತ್ತೆ ಅದೇ ಸದ್ದು. ಪಟ್ಟಿ ಅವಳ ಜೊತೆಗೇ ಕೆಳಗೆ ಬಂತು.

ಅವಳು ಕೋಲನ್ನು ನೆಲಕ್ಕಿಟ್ಟು ನೇರ ಹಗ್ಗದ ಬಳಿಗೆ ಹೋದಳು. ನಾನೂ ಹಿಂದೆ ಹೋದೆ.

“ಅಪ್ಪ, ನೀನು ಬ್ರೇಕ್ ಹಾಕ್ತಿದ್ದೀಯ.”

ಡ್ರೈವರು ಬಗ್ಗಿ ತಮ್ಮ ಬೂಟು ನೋಡಿಕೊಂಡರು. ಅದರಡಿ ಮಣ್ಣಿನಲ್ಲಿ ಸಣ್ಣ ಕುಳಿ ಬಿದ್ದಿತ್ತು.

“ಯಾವಾಗಿಂದ?”

“ಮೊದಲಿಂದ್ಲೂ.”

ಅವರ ಮುಖ ಪೆಚ್ಚಾಯಿತು. ಗೇಟಿನ ಆಚೆ ನಿಂತಿರುತ್ತೇನೆಂದು ಎದ್ದರು. ಮಿಡತೆ ಹಗ್ಗದ ಮೇಲಿಂದ ಅಂಗಿಯ ತೋಳು ಹಿಡಿದೆಳೆದು ಕೂರಿಸಿದಳು.

“ಹೋಗ್ಬೇಡ. ಪಕ್ಕದ ಆಕ್ಸಿಲರೇಟರ್ ಪೆಡಲೂ ಅದೇ ಕಾಲಿಗೆ ತಾನೇ ಇರೋದು? ಅದನ್ನ ಒತ್ತು.”

ಡ್ರೈವರು ಯೋಚಿಸಿದರು. ಕೊನೆಗೆ, ಡ್ಯೂಟಿಗೆ ಹೊರಡುವ ಗಂಭೀರ ದನಿಯಲ್ಲಿ ಕೇಳಿದರು: “ರೋಡು ಖಾಲಿ ಇದೆಯಾ ಪುಟ್ಟಿ?”

“ಖಾಲಿ ಇದೆ ಅಪ್ಪ.”

ಮೂರನೆಯ ಓಟ. ನಾನು ನೋಡಬೇಕಾಗಿದ್ದದ್ದು ಅವಳನ್ನು. ಆದರೆ ನನ್ನ ಕಣ್ಣು ಆ ಬೂಟಿನಿಂದ ಕದಲಲಿಲ್ಲ. ಹಿಮ್ಮಡಿ ನೆಲಕ್ಕೆ ಊರಿತು. ತುದಿ ಸ್ವಲ್ಪ ಬಲಕ್ಕೆ ಸರಿಯಿತು. ಹೆಜ್ಜೆಯ ಸದ್ದು ಹತ್ತಿರವಾದಂತೆ ಬೂಟು ಮೆಲ್ಲಗೆ, ತುಂಬಿದ ಬಸ್ಸನ್ನು ಏರಿಗೆ ಹತ್ತಿಸುವ ನಾಜೂಕಿನಲ್ಲಿ, ಕೆಳಗಿಳಿಯುತ್ತ ಹೋಯಿತು. ಉಸಿರಿನ ಸದ್ದಿಲ್ಲ. ಓಟದ ಲಯ ಎಲ್ಲೂ ಮುರಿಯಲಿಲ್ಲ. ಕೋಲಿನ ತುದಿ ಪಟ್ಟಿಯ ಕೆಳಗಿನ ಗುಳಿಗೆ ಬಡಿದ ಸದ್ದು, ಆಮೇಲೆ ಏನೂ ಇಲ್ಲ, ಆಮೇಲೆ ಮ್ಯಾಟಿನ ಮೇಲೆ ‘ಧೊಪ್’.

“ಬಿತ್ತಾ, ಉಳೀತಾ?” ನಾನು ಡ್ರೈವರನ್ನು ಕೇಳಿದೆ.

ಅವರು ಮೇಲಕ್ಕೇ ನೋಡುತ್ತಿದ್ದರು. ಕಣ್ಣು ಅಗಲವಾಗಿ ತೆರೆದಿತ್ತು. ತಿರುಗಿ ನೋಡಿದರೆ ತೀರ್ಪುಗಾರರ ಬಿಳಿ ಬಾವುಟ ಮೇಲೆದ್ದಿತ್ತು; ಪಟ್ಟಿ ಇದ್ದಲ್ಲೇ ಇತ್ತು, ಅಲುಗಾಟವೂ ಇಲ್ಲದೆ.

“ಮೇಷ್ಟ್ರೇ, ಅಷ್ಟು ಹೊತ್ತು ಮೇಲೇ ಇರ್ತಾಳಾ ಇವಳು?” ಅಂದರು.

ಮಿಡತೆ ಓಡಿ ಬಂದು ಹಗ್ಗಕ್ಕೆ ಆತುಕೊಂಡಳು. ಅಪ್ಪನ ಕಾಲು ಇನ್ನೂ ನೆಲ ಒತ್ತಿಕೊಂಡೇ ಇತ್ತು.

“ಸ್ಟಾಪ್ ಬಂತು ಅಪ್ಪ,” ಅಂದಳು. “ಈಗ ಕಾಲು ತೆಗಿ.”